ಏಳನೇ ಕುಂಡ

ಬೀರುವಿನಷ್ಟು ದೊಡ್ಡದಾದ ತಂಪು ಯಂತ್ರದ ಬಾಗಿಲು ತೆರೆದು, ಒಂದು, ಎರಡು, ಮೂರು ಎಂದು ಕುಂಡಗಳ ಮೇಲೆ ಬೆರಳಾಡಿಸುತ್ತ ಬಂದ ಸಂಶೋಧಕಿ ಏಳನೆಯದರ ಮುಂದೆ ನಿಂತುಬಿಟ್ಟಳು. ಉಳಿದ ಒಂಬತ್ತು ಗಿಡಗಳು ಮೊಗ್ಗನ್ನು ಬಿಗಿಯಾಗಿ ಮುಚ್ಚಿಕೊಂಡು ಆರಾಮಾಗಿದ್ದವು. ಏಳನೆಯದರ ಎಲೆ ಮಾತ್ರ ಕಪ್ಪಾಗಿ, ಬೆಂದ ಸೊಪ್ಪಿನಂತೆ ಜೋತುಬಿದ್ದಿತ್ತು.

ಅವು ಧ್ರುವ ಪ್ರದೇಶದಿಂದ ತಂದ ಗಿಡಗಳು. ಎಷ್ಟು ಬೆಳೆದರೂ ಗೇಣುದ್ದ ದಾಟದ ಜಾತಿ. ಹತ್ತು ಗಿಡಗಳನ್ನು ಅಲ್ಲಿನ ಹಿಂದಿನ ಕಾಲದ ಚಳಿಯಲ್ಲಿ, ಇನ್ನು ಹತ್ತನ್ನು ಪಕ್ಕದ ಯಂತ್ರದಲ್ಲಿ ನಾಲ್ಕು ಡಿಗ್ರಿ ಹೆಚ್ಚು ಬೆಚ್ಚಗೆ, ಮೂರು ವರ್ಷದಿಂದ ಸಾಕಿದ್ದಳು. ಬೆಚ್ಚಗಿದ್ದವು ಈ ಸಲ ಬೇಗ ಎಲೆ ಬಿಟ್ಟು ದಷ್ಟಪುಷ್ಟವಾಗಿದ್ದವು. ಅಲ್ಲಿ ವಸಂತದಲ್ಲಿ ಒಮ್ಮೊಮ್ಮೆ ತಿರುಗಿ ಬರುವ ಹಿಮದ ಹಾಗೆ, ಈ ಸೋಮವಾರ ಬೆಳಿಗ್ಗೆ ಎರಡೂ ಯಂತ್ರಗಳಿಗೆ ನಾಲ್ಕು ಗಂಟೆ ಕಾಲ ಹಿಮದ ಚಳಿ ಕೊಟ್ಟಿದ್ದಳು. ಎಲೆ ಬಿಟ್ಟ ಹತ್ತೂ ಕಪ್ಪಾದವು. ಅದು ಅವಳು ಎಣಿಸಿದ್ದೇ. ಆದರೆ ಏಳನೆಯದು ಉಳಿದವಕ್ಕಿಂತ ಮೊದಲೇ ಎಲೆ ಬಿಟ್ಟಿದ್ದರೂ ಚಳಿಯಲ್ಲೇ ಬೆಳೆದು ಗಟ್ಟಿಯಾದ ಗಿಡ, ಅದಕ್ಕೆ ಹೀಗಾಗಬಾರದಿತ್ತು.

“ಯಂತ್ರ ಕೈಕೊಟ್ಟಿದೆ, ಮಾವ,” ಎಂದು ಸ್ಟೂಲಿನ ಮೇಲೆ ಕುಸಿದಳು. “ಎಲ್ಲೋ ಒಂದು ಕಡೆ ಜಾಸ್ತಿ ತಣ್ಣಗಾಗ್ತಿದೆ. ಹಾಗಿದ್ರೆ ಮೂರು ವರ್ಷದ್ದು ಒಂದೂ ನಂಬೋ ಹಾಗಿಲ್ಲ. ನಾಲ್ಕು ಗಂಟೆಗೆ ಗೈಡ್ ಮೇಡಂ ಬರ್ತಾರೆ. ಮೊದಲಿಂದ ಶುರು ಮಾಡು ಅಂತಾರೆ.”

ಮಾವ ಎಂದರೆ ಪ್ರಯೋಗಾಲಯದಲ್ಲಿ ಗಿಡ ನೋಡಿಕೊಳ್ಳುವ ಹಿರಿಯರು. ಕೆಲಸಕ್ಕೆ ಸೇರಿದ ದಿನ, ಹನಿ ಲೆಕ್ಕದಲ್ಲಿ ನೀರು ಕುಡಿಯುವ ಈ ಗಿಡಗಳಿಗೆ ಬಿಂದಿಗೆ ಹೊತ್ತು ತಂದಿದ್ದರಿಂದ ಬಿಂದಿಗೆ ಮಾವ ಎಂಬ ಹೆಸರು ಅಂಟಿಕೊಂಡಿತ್ತು. ಈಗ ಡ್ರಾಪರ್ ಹಿಡಿದುಕೊಂಡು, ಹೇಳಲೋ ಬೇಡವೋ ಎಂದು ಒದ್ದಾಡುತ್ತಿದ್ದರು. ಹೇಳಿದರೆ ಕೆಲಸಕ್ಕೆ ಸಂಚಕಾರ. ಹೇಳದಿದ್ದರೆ ಈ ಹುಡುಗಿಯ ಮೂರು ವರ್ಷ ನೀರಿನಲ್ಲಿ ಹೋಮ.

“ಯಂತ್ರ ಚೆನ್ನಾಗೇ ಇದೆ ಕಣಮ್ಮ,” ಎಂದರು ಕೊನೆಗೆ. “ಕೈಕೊಟ್ಟಿದ್ದು ನಾನು.”

ಅವಳು ತಲೆ ಎತ್ತಿದಳು.

“ಹೋದ ವರ್ಷ ಎಲೆಗೆ ಕ್ಲಿಪ್ಪು ಹಾಕಿ ನೋಡ್ದೆಯಲ್ಲ, ಏಳನೇದು ಎಲ್ಲಕ್ಕಿಂತ ಕಮ್ಮಿ ತೋರಿಸ್ತು. ಬೆಳಕಿದ್ರೂ ಸರಿಯಾಗಿ ಊಟ ಮಾಡ್ತಿಲ್ಲ ಅಂದೆ.” ದ್ಯುತಿಸಂಶ್ಲೇಷಣೆ ಎನ್ನಲು ಅವರ ನಾಲಿಗೆ ಹೊರಳದ್ದರಿಂದ ಅವಳೇ ಅದಕ್ಕೆ ಗಿಡದ ಊಟ ಎಂದು ಹೇಳಿಕೊಟ್ಟಿದ್ದಳು. “ಈ ಸಲವೂ ಹಂಗಾಗ್ಬಾರ್ದು ಅಂತ ನಂಗೆ ತಡೀಲಿಲ್ಲ. ನೀನು ಬಾಗಿಲು ತೆಗೆದು ಅಳತೆ ತಗೊಳ್ಳೋದು ಸೋಮವಾರ ಮಾತ್ರ. ಮಿಕ್ಕ ದಿನ ಅದನ್ನ ಬೆಚ್ಚಗಿನ ಕಡೆ ಇಡ್ತಿದ್ದೆ. ಸೋಮವಾರ ನೀನು ಬರೋ ಮೊದಲು ವಾಪಸ್ ತಂದಿಡ್ತಿದ್ದೆ. ಎರಡು ತಿಂಗಳಾಯ್ತು. ಎಷ್ಟು ಚೆನ್ನಾಗಿ ಎಲೆ ಬಿಡ್ತು ಅಂತೀಯ. ನೀನೂ ‘ಏಳನೇದು ಜಾಣೆ’ ಅಂದೆ. ಹೊಟ್ಟೆ ತುಂಬಿದಂಗಾಯ್ತು ನಂಗೆ.”

ಅವಳಿಗೆ ಸಿಟ್ಟು ಬಂದೇ ಬಂತು. ಬಯ್ಯಲು ಎದ್ದವಳ ಕಣ್ಣು ಅವರ ಮುಖದ ಮೇಲೆ ಬಿತ್ತು. ಮಗುವಿಗೆ ಕದ್ದು ಸಿಹಿ ತಿನ್ನಿಸಿ ಸಿಕ್ಕಿಬಿದ್ದ ಅಜ್ಜನ ಮುಖ ಅದು. ಇಂಥವರ ಮೇಲೆ ಎಷ್ಟು ಹೊತ್ತು ಸಿಟ್ಟಿರಲು ಸಾಧ್ಯ?

“ಅದೇ ಯಂತ್ರ, ಅದೇ ಹಿಮ,” ಎಂದು ತನಗೆ ತಾನೇ ಹೇಳಿಕೊಂಡಳು. “ಬೆಚ್ಚಗಿದ್ದದ್ದು ಮಾತ್ರ ಕಪ್ಪಾಯ್ತು. ಮಾವ, ಇದನ್ನ ಲೆಕ್ಕದಿಂದ ತೆಗೀಬೇಕು, ಮೇಡಂಗೆ ಇದ್ದದ್ದು ಇದ್ದ ಹಾಗೆ ಹೇಳ್ಬೇಕು. ಆದ್ರೆ ಮಿಕ್ಕಿದ್ದೆಲ್ಲ ಉಳೀತು. ನಾನೂ ಇರ್ತೀನಿ ನಿಮ್ಮ ಜೊತೆ.”

ಮಾವ ಏಳನೇ ಕುಂಡವನ್ನು ಎತ್ತಿಕೊಂಡರು. “ಸತ್ತೇ ಹೋಯ್ತಾ?”

ಅವಳು ಉಗುರಿನಿಂದ ಕಾಂಡವನ್ನು ತುಸು ಕೆರೆದು ತೋರಿಸಿದಳು. ಒಳಗೆ ಹಸಿರಿತ್ತು. “ಜೀವ ಇದೆ. ಮತ್ತೆ ಚಿಗುರಬಹುದು. ಆದ್ರೆ ಅಷ್ಟರಲ್ಲಿ ಬೇಸಿಗೆ ಮುಗಿಯುತ್ತೆ. ಈ ವರ್ಷದ ಊಟ ಹೋದ ಹಾಗೇ.”

“ಚಳೀಲಿ ನಡುಗ್ತಿದೆ ಅಂದ್ಕೊಂಡೆ,” ಎಂದರು ಮಾವ. “ಚಳಿನೇ ಅದನ್ನ ಕಾಯ್ತಿತ್ತು ಅಂತ ಯಾರಿಗಮ್ಮ ಗೊತ್ತು?” ಅವರ ಕಣ್ಣು ತುಂಬಿತ್ತು. ಅವಳು ಅವರ ಕೈಯಿಂದ ಡ್ರಾಪರ್ ತೆಗೆದು ಮೇಜಿನ ಮೇಲಿಟ್ಟು, ತನ್ನ ಸ್ಟೂಲನ್ನು ಅವರತ್ತ ಸರಿಸಿ ಕೂರಿಸಿದಳು.

ಕುಂಡವನ್ನು ತೊಡೆಯ ಮೇಲಿಟ್ಟುಕೊಂಡು ಮಾವ ಕೇಳಿದರು, “ಅಲ್ಲಮ್ಮ, ಅಲ್ಲಿ ಧ್ರುವದಲ್ಲೇ ಇರೋ ಗಿಡಗಳ ಕಥೆನೂ ಹೀಗೇನಾ?”

“ಎಷ್ಟೋ ಕಡೆ ಹೀಗೇ. ಚಳಿ ಬೇಗ ಬಿಡುತ್ತೆ, ಇವು ನಂಬಿ ಎಲೆ ಬಿಡ್ತಾವೆ. ಹಿಂದೇನೇ ಹಿಮ ಬೀಳುತ್ತೆ.”

“ಅವನ್ನ ಬೆಚ್ಚಗೆ ಮಾಡಿದ್ದು ಯಾರು?”

“ನಾವೇ. ಎಲ್ಲರೂ ಸೇರಿ.”

“ನನ್ನ ಹಾಗೆ ಅಯ್ಯೋ ಪಾಪ ಅನ್ನಿಸಿ ಮಾಡಿದ್ವೇನಮ್ಮ?”

ಅವಳು ಅವರ ತೊಡೆಯ ಮೇಲಿದ್ದ ಕುಂಡವನ್ನೇ ನೋಡಿದಳು.

“ಇಲ್ಲ ಮಾವ,” ಎಂದಳು. “ಅವು ಅಲ್ಲಿವೆ ಅನ್ನೋದೇ ನಮಗೆ ನೆನಪಿರ್ಲಿಲ್ಲ.”