ದೆವ್ವದ ಸರಳು

ಬ್ರಿಟಿಷರು ಆಳುತ್ತಿದ್ದ ಕಾಲದ ಅಮೆರಿಕ. ಸಿಡಿಲು ಬಡಿದು ಊರಿನ ಇಗರ್ಜಿ ಸುಟ್ಟುಹೋಯಿತು. ಎದುರಿನ ಕಮ್ಮಾರ ಸೈಲಸ್‌ನ ಮನೆಗೆ ಏನೂ ಆಗಲಿಲ್ಲ. ಸಿಡಿಲನ್ನು ನೆಲಕ್ಕಿಳಿಸುವ ಹೊಸ ಬಗೆಯ ಕಬ್ಬಿಣದ ಸರಳನ್ನು ಅವನು ಛಾವಣಿಗೆ ಹಾಕಿದ್ದ.

ಮರುದಿನ ಪಾದ್ರಿ ಊರನ್ನೇ ಕಟ್ಟಿಕೊಂಡು ಬಂದರು.

"ನಿನಗೆ ಬರಬೇಕಾದ ಸಿಡಿಲನ್ನ ದೇವರ ಮನೆಗೆ ತಳ್ಳಿದೆಯಲ್ಲೋ, ಪಾಪಿ! ಕೀಳ್ರೋ ಅದನ್ನ!"

"ಇಗರ್ಜಿಗೂ ಬಿಟ್ಟಿ ಮಾಡಿಕೊಡ್ತೀನಿ ಅಂದಾಗ ಬೈದು ಅಟ್ಟಿದ್ರಲ್ಲ ಸ್ವಾಮಿ! ಒಳಗೆ ಬಾಣಂತಿ ಇದ್ದಾಳೆ, ಬಿಟ್ಟುಬಿಡಿ."

"ದೇವರನ್ನ ನಂಬು, ಸಾಕು."

ಸರಳನ್ನು ಕಿತ್ತರು. ಒಬ್ಬ ಅದನ್ನು ಹೊಳೆಗೆ ಎಸೆಯಲು ಹೊರಟ.

"ಬೇಡ, ದೆವ್ವದ ವಸ್ತು. ನನ್ನ ಕಾವಲಲ್ಲೇ ಇರಲಿ" ಎಂದರು ಪಾದ್ರಿ.

ವಾರದೊಳಗೆ ಮತ್ತೆ ಗುಡುಗಿತು. ಸೈಲಸ್ ಕೂಸನ್ನು ಅವುಚಿಕೊಂಡು ಕಿಟಕಿಯಾಚೆ ನೋಡಿದ. ಪಾದ್ರಿಯ ಮನೆಯ ಛಾವಣಿಯ ಮೇಲೆ ಅವನ ಸರಳು ನೆಟ್ಟಗೆ ನಿಂತಿತ್ತು.