ಕಣ್ಣು ಕಟ್ಟಿ ಓದುವ ಕ್ಲಾಸು

ಅಕ್ಕನ ಮಗಳ ಶಾಲಾ ನಾಟಕಕ್ಕೆ ಮಖಮಲ್ ಬಟ್ಟೆ ಹೊಲಿಯುತ್ತಿದ್ದೇನೆ; ಬೆರಳಿಗೆ ಅದರ ನುಣುಪು ತಾಗಿದಾಗಲೆಲ್ಲ ಕಲಬುರಗಿಯ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಆಗ ನನಗೆ ಏಳು ವರ್ಷ. ಕಣ್ಣು ಕಟ್ಟಿಕೊಂಡೇ ಓದುವುದನ್ನು ಮಕ್ಕಳಿಗೆ ಕಲಿಸುವ ಕ್ಲಾಸೊಂದು ಅಲ್ಲಿನ ಬ್ರಹ್ಮಪುರ ಬಡಾವಣೆಯಲ್ಲಿ ಶುರುವಾಗಿದೆಯೆಂದು ಅವ್ವ ನನ್ನನ್ನೂ ಅಜ್ಜಿಯನ್ನೂ ನಮ್ಮೂರು ಕಮಲಾಪುರದಿಂದ ಬಸ್ಸಿನಲ್ಲಿ ಕರೆತಂದಿದ್ದಳು.

“ದೇವರು ಕಣ್ಣು ಕೊಟ್ಟಾನ. ಕಟ್ಕೊಂಡು ಯಾಕ ಓದ್ಬೇಕು?” ಎಂದು ಅಜ್ಜಿ ದಾರಿಯುದ್ದಕ್ಕೂ ಗೊಣಗಿದಳು.

ಹಾಲ್ ತುಂಬ ತಾಯಂದಿರಿದ್ದರು. ನನ್ನಷ್ಟೇ ಎತ್ತರದ ಹುಡುಗಿಯೊಬ್ಬಳು ಕಣ್ಣಿಗೆ ಕಪ್ಪು ಮಖಮಲ್ ಪಟ್ಟಿ ಕಟ್ಟಿಕೊಂಡು, ಕ್ಲಾಸಿನ ಸರ್ ಅವಳ ಎದೆಮಟ್ಟಕ್ಕೆ ಹಿಡಿದ ಚೆಂಡುಗಳ ಬಣ್ಣ ಹೇಳುತ್ತಿದ್ದಳು. ಎಲ್ಲರೂ ಚಪ್ಪಾಳೆ ತಟ್ಟಿದರು.

“ನಮ್ಮ ಹುಡುಗಿಗೂ ಹಿಂಗ ಬರ್ತದೇನ್ರೀ?” ಅವ್ವ ಆಸೆಯಿಂದ ಕೇಳಿದಳು.

“ಆಕಿ ಪಟ್ಟಿ ಕೆಳಗ ಮೂಗಿನ ಸಂದಿಲಿಂದ ನೋಡ್ಲಾಕತ್ಯಾಳ,” ಎಂದಳು ಅಜ್ಜಿ. ಅವ್ವ ಸೆರಗು ಜಗ್ಗಿದರೂ ಕೇಳದೆ ಮುಂದೆ ಹೋಗಿ, ಒಂದು ಚೆಂಡನ್ನು ಹುಡುಗಿಯ ತಲೆಯ ಹಿಂದೆ ಹಿಡಿದಳು. “ಈಗ ಹೇಳವ್ವ, ಇದು ಯಾವ ಬಣ್ಣ?”

ಹುಡುಗಿ ಮುಖ ಮೇಲೆತ್ತಿ ಆಚೀಚೆ ತಲೆ ತಿರುಗಿಸಿದಳು.

“ಗದ್ದಲ ಭಾಳ ಅದರೀ, ಆಕಿ ಮನಸ್ಸು ನಿಲ್ಲವಲ್ದು,” ಎಂದರು ಸರ್.

ಹುಡುಗಿ ಅವರ ದನಿ ಬಂದ ಕಡೆ ಕೈ ಚಾಚಿ, ಮೆಲ್ಲಗೆ “ಪಪ್ಪಾ” ಎಂದಳು.

ಅಜ್ಜಿ ಚೆಂಡು ಕೆಳಗಿಟ್ಟಳು. ಪಟ್ಟಿಯ ಗಂಟನ್ನು ತಾನೇ ಬಿಚ್ಚಿ, ಬೆವೆತ ಆ ಪುಟ್ಟ ಮುಖವನ್ನು ಸೆರಗಿನಿಂದ ಒರೆಸಿದಳು. ಚೀಲದಿಂದ ನಮ್ಮೂರಿನ ಕೆಂಪು ಬಾಳೆಹಣ್ಣು ತೆಗೆದು ಕೈಗಿಟ್ಟು, “ತಿನ್ನು ಯವ್ವಾ, ಯಾರೂ ಏನೂ ಅನ್ನಂಗಿಲ್ಲ,” ಎಂದಳು.

ಹುಡುಗಿ ತಿನ್ನಲಿಲ್ಲ. ಹಣ್ಣು ಹಿಡಿದುಕೊಂಡು ಅಪ್ಪನ ಮುಖವನ್ನೇ ನೋಡುತ್ತಾ ನಿಂತಳು.