ಕೆಂಪು ಕುರ್ಚಿ ಇರುವಲ್ಲಿ

ಚಿತ್ರ ಚೆನ್ನಾಗಿ ಬರಲಿ ಎಂದು ಮಗಳು ಕೆಂಪು ಕುರ್ಚಿಯನ್ನು ಎತ್ತಿ ನಲವತ್ತು ಹೆಜ್ಜೆ ಆಚೆ ಇಟ್ಟಳು. ಮೊದಲಿದ್ದಲ್ಲಿ ಅಲೆಗಳ ಗದ್ದಲವೋ ಗದ್ದಲ, ಬರೀ ನೊರೆ. ಇಲ್ಲಿ ಕಡಲು ಇಸ್ತ್ರಿ ಮಾಡಿಟ್ಟ ನೀಲಿ ಬಟ್ಟೆಯ ಹಾಗೆ ಸುಕ್ಕಿಲ್ಲದೆ ಮಲಗಿತ್ತು. ರಜೆಗೆ ಹೋಗಬಹುದಾದ ಕಡಲೂರುಗಳ ಬಗ್ಗೆ ಅವಳು ಬರೆಯುತ್ತಿದ್ದ ಪುಸ್ತಕಕ್ಕೆ ಇದಕ್ಕಿಂತ ಒಳ್ಳೆಯ ಮುಖಪುಟ ಎಲ್ಲಿ ಸಿಗಬೇಕು? ಹತ್ತು ಚಿತ್ರ ತೆಗೆದಳು. ಬೆಳಕು ಬದಲಾಗುವ ಮೊದಲು ದೋಣಿಗಳನ್ನೂ ಹಿಡಿಯೋಣ ಎಂದು ದಡದುದ್ದಕ್ಕೂ ನಡೆದುಬಿಟ್ಟಳು. ಕುರ್ಚಿ ಅಲ್ಲೇ ಉಳಿಯಿತು.

ಅದು ಯಾಕಿದೆ ಎಂದು ಅವಳಿಗೆ ಗೊತ್ತಿಲ್ಲದೇನಲ್ಲ. ಅವಳೂ ಅಪ್ಪನೂ ಇಳಿದುಕೊಂಡಿದ್ದ ಮೂರು ಕೋಣೆಯ ವಸತಿಗೃಹದ ಒಡತಿ ದಿನಾ ಬೆಳಗಾಗುತ್ತಲೇ ಚಹಾದ ಲೋಟ ಹಿಡಿದು ನೀರು ನೋಡುತ್ತ ನಡೆದು, ಒಂದು ಕಡೆ ನಿಂತು, ಕುರ್ಚಿ ಊರುತ್ತಿದ್ದರು. ಅವತ್ತು ಎಲ್ಲರೂ ಅಲ್ಲೇ ನೀರಿಗಿಳಿಯಬೇಕು. ಇಪ್ಪತ್ತೆರಡು ವರ್ಷದಲ್ಲಿ ಒಂದು ಜೀವವೂ ಹೋಗಿಲ್ಲ. ಊರವರ ಬಾಯಲ್ಲಿ ಅವರು ಕುರ್ಚಿಯಮ್ಮ. ‘ಅಜ್ಜಿ ಹೇಳುತ್ತಿದ್ದ ಕಥೆಯಲ್ಲಿ ರಾಕ್ಷಸನ ಪ್ರಾಣ ಗಿಳಿಯಲ್ಲಿತ್ತು, ಈ ಊರಿನ ಪ್ರಾಣ ಒಂದು ಕುರ್ಚಿಯಲ್ಲಿದೆ’ ಎಂದು ಮಗಳೇ ಬರೆದುಕೊಂಡಿದ್ದಳು. ಬರೆದುಕೊಂಡವಳೇ ಎತ್ತಿಟ್ಟಿದ್ದಳು.

ಅಪ್ಪ ಮಾತ್ರ ನಾಲ್ಕು ದಿನವಾದರೂ ಕಾಲು ಒದ್ದೆ ಮಾಡಿಕೊಂಡಿರಲಿಲ್ಲ. ಹಿಂದಿನ ಸಂಜೆ ಜಗಲಿಯಲ್ಲಿ ಅದೇ ಮಾತು.

“ನಲವತ್ತು ವರ್ಷ ಬಸ್ಸು ಓಡಿಸಿದೀನಮ್ಮ. ಬ್ರೇಕ್ ಇಲ್ಲದ ಜಾಗಕ್ಕೆ ನಾನು ಇಳಿಯಲ್ಲ.”

“ಕಂಡಕ್ಟರು ರೈಟ್ ಅಂದ್ರೆ ಏನ್ಮಾಡ್ತಿದ್ರಿ? ಇಳಿದು ಹಿಂದೆ ಹೋಗಿ ನೋಡ್ಕೊಂಡು ಬರ್ತಿದ್ರಾ?” ಎಂದರು ಕುರ್ಚಿಯಮ್ಮ.

“ಛೆ ಛೆ! ಅವನು ರೈಟ್ ಅಂದ ಅಂದ್ರೆ ಮುಗೀತು. ಗಾಡಿ ಬಿಡೋದೇ.”

“ನನ್ನ ಕುರ್ಚಿನೂ ಹಾಗೇ ಅಂದ್ಕೊಳ್ಳಿ, ಡ್ರೈವರ್ ಸಾಹೇಬ್ರೇ.”

ಅದಕ್ಕೇ ಇವತ್ತು ಅಪ್ಪ ಪ್ಯಾಂಟು ಮಡಚಿಕೊಂಡು ಒಬ್ಬರೇ ಬಂದಿದ್ದರು. ಮಗಳು ದೋಣಿಗಳ ಕಡೆಯಿಂದ ಮರಳಿದಾಗ ಕುರ್ಚಿಯ ಕೆಳಗೆ ಅವರ ಚಪ್ಪಲಿಗಳಿದ್ದವು. ಆಚೆ ನೀಲಿಯ ನಡುವೆ ಅವರ ಬೋಳುತಲೆ ಸದ್ದಿಲ್ಲದೆ ಚಿಕ್ಕದಾಗುತ್ತಿತ್ತು.

“ಅಪ್ಪಾ!”

ಆ ಕೂಗಿಗೆ ಕುರ್ಚಿಯಮ್ಮ ಓಡಿ ಬಂದರು. ಕುರ್ಚಿಯ ಬೆನ್ನಿಗೇ ಕಟ್ಟಿ ಸುತ್ತಿಟ್ಟಿದ್ದ ಹಗ್ಗದ ಸುರುಳಿ ಬಿಚ್ಚಿ, ತುದಿಯನ್ನು ಮಗಳ ಕೈಗೆ ಕೊಟ್ಟು, ಆ ಹಗುರ ಮರದ ಕುರ್ಚಿಯನ್ನೇ ನೀರಿಗೆ ಬೀಸಿ ಒಗೆದರು. “ಈಜಬೇಡಿ! ಅದು ನಿಮ್ಮ ಹತ್ರಾನೇ ಬರತ್ತೆ, ಹಿಡ್ಕೊಳ್ಳಿ!” ಅಪ್ಪನನ್ನು ಒಯ್ಯುತ್ತಿದ್ದ ಸೆಳೆತವೇ ಕುರ್ಚಿಯನ್ನೂ ಅವರ ಕೈಗೆ ಒಯ್ದಿತು. “ಈ ಕಡೆ ಎಳೀಬೇಡ ಮಗಾ. ಆ ನೊರೆ ಕಡೆ ನಡಿ, ಪಕ್ಕಕ್ಕೆ.” ನೊರೆ ಸಿಕ್ಕಿದ್ದೇ ತಡ, ಅಲೆಗಳು ಕುರ್ಚಿಯನ್ನೂ ಅಪ್ಪನನ್ನೂ ಒಟ್ಟಿಗೆ ಮರಳಿಗೆ ಉರುಳಿಸಿದವು.

ಅಪ್ಪ ಕೆಮ್ಮಿ ಕೆಮ್ಮಿ ಉಸಿರು ತಂದುಕೊಂಡರು. “ತಪ್ಪು ನಂದೇ. ಕುರ್ಚಿ ಬಿಟ್ಟು ಆಚೆ ಹೋದೆನೋ ಏನೋ.”

“ಇಲ್ಲಪ್ಪ. ಕುರ್ಚಿ ಸರಿಸಿದ್ದು ನಾನು. ಫೋಟೋಗೆ.”

ಅಪ್ಪ ಅವಳನ್ನೇ ನೋಡಿದರು. ಚಪ್ಪಲಿ ಎತ್ತಿಕೊಂಡರು. “ನಾಳೆ ಬೆಳಿಗ್ಗೆ ಬಸ್ಸಿಗೆ ಹೊರಡೋಣ,” ಎಂದಷ್ಟೇ ಹೇಳಿ ಕೋಣೆಗೆ ಹೋದರು.

“ನೀವಾದ್ರೂ ಬೈಯಿರಿ,” ಎಂದಳು ಮಗಳು.

“ಬೈದ್ರೆ ನೀರು ನೋಡೋದು ಬರತ್ತಾ?” ಎಂದರು ಕುರ್ಚಿಯಮ್ಮ.

ಮರುದಿನ ಬೆಳಕು ಹರಿಯುವಾಗ ಅವರು ಬಂದು ಬಾಗಿಲು ತಟ್ಟಿದರು. “ಏಳಮ್ಮ. ಇವತ್ತು ಕುರ್ಚಿ ನೀನು ಇಡು.”

ಮಗಳು ಕುರ್ಚಿ ಹೊತ್ತು ನಡೆದಳು. ನುಣ್ಣನೆಯ ನೀಲಿ ಬಂದಲ್ಲಿ ನಿಲ್ಲಲಿಲ್ಲ. “ಇಲ್ಲಿ ಬಾಯಿ ಮುಚ್ಕೊಂಡೇ ಎಳ್ಕೊಂಡು ಹೋಗತ್ತೆ,” ಎಂದಳು. ರಾತ್ರಿಯಲ್ಲಿ ನೊರೆಯೂ ಜಾಗ ಬದಲಿಸಿತ್ತು. ಹುಡುಕುತ್ತ ಬಹಳ ದೂರ ಹೋಗಿ, ಅಲೆಗಳು ಸಾಲಾಗಿ ಒಡೆಯುವಲ್ಲಿ ಕುರ್ಚಿ ಊರಿದಳು. “ಇಲ್ಲಿ ಅಡಿಯಲ್ಲಿ ನೆಲ ಇದೆ.” ಕುರ್ಚಿಯಮ್ಮ ಮೊಣಕಾಲುದ್ದ ನೀರಿಗಿಳಿದು ನೋಡಿ ಬಂದು, ಕುರ್ಚಿ ಇದ್ದಲ್ಲೇ ಬಿಟ್ಟು ಚಹಾ ಕುಡಿದರು.

ಹಿಂದೆ ಮರಳು ಕಿರುಗುಟ್ಟಿತು. ಕೈಯಲ್ಲಿ ಚೀಲ ಹಿಡಿದು, ಬಸ್ಸಿಗೆ ಹೊರಟ ಬಟ್ಟೆಯಲ್ಲೇ ಅಪ್ಪ ನಿಂತಿದ್ದರು. ಎಷ್ಟು ಹೊತ್ತಿನಿಂದ ನೋಡುತ್ತಿದ್ದರೋ. ಚೀಲವನ್ನು ಕುರ್ಚಿಯ ಮೇಲಿಟ್ಟರು. ಚಪ್ಪಲಿಗಳನ್ನು ಅದರ ಕೆಳಗೆ ಬಿಟ್ಟರು. ಪ್ಯಾಂಟು ಮಡಚಿ ಕಡಲಿಗೆ ಮುಖ ಮಾಡಿ ನಿಂತರು.

“ರೈಟ್ ಅನ್ನಮ್ಮ.”

ಮಗಳು ಇನ್ನೊಮ್ಮೆ ನೀರು ನೋಡಿದಳು. ಇನ್ನೊಮ್ಮೆ ಕುರ್ಚಿಯ ನಾಲ್ಕೂ ಕಾಲು ನೋಡಿದಳು.

“ರೈಟ್.”

ಅಪ್ಪ ನೀರಿಗಿಳಿದರು, ಹಿಂದೆ ತಿರುಗಿ ನೋಡಲಿಲ್ಲ.